ಬೆಡ್‌ಪ್ಯಾನ್ ತೊಳೆಯುವ ಮುನ್ನ

ಪ್ರಿಯ ಓದುಗರೆ,

ಹೆಸರು ಅಚ್ಚಾಗುವುದು ಬೇಡ ಎಂದಿದ್ದೀರಿ, ಹಾಕುವುದಿಲ್ಲ. ನಿಮ್ಮ ಪತ್ರದ ಸಿಟ್ಟನ್ನು ಮಾತ್ರ ಉಳಿದ ಓದುಗರಿಗೂ ತಿಳಿಸಲೇಬೇಕು. ಕರುಳಿನ ಆಪರೇಷನ್ ಆದ ತಂದೆಯವರ ಪಕ್ಕದಲ್ಲಿ ಹಗಲು ರಾತ್ರಿ ಕೂತಿದ್ದಿರಿ. ಅವರು ನೀರು ನೀರು ಎಂದು ಹಂಬಲಿಸಿದರೂ ನರ್ಸ್ ಒಂದು ಗುಟುಕು ಕೊಡಲಿಲ್ಲ. ಬಂದಾಗಲೆಲ್ಲ ನಾಲ್ಕು ಜನರೆದುರು "ಗ್ಯಾಸ್ ಹೋಯ್ತಾ?" ಎಂದರು. ಮೂತ್ರ ಅಳೆದು ಬರೆದುಕೊಂಡರು. ನೀವು ಬೆಡ್‌ಪ್ಯಾನ್ ತೊಳೆದಿಟ್ಟಿದ್ದಕ್ಕೆ ನಿಮ್ಮನ್ನೇ ಗದರಿಕೊಂಡರು. "ಗುಣ ಮಾಡಿದ್ದು ಡಾಕ್ಟರು. ಇವರದ್ದು ಬರೀ ಲೆಕ್ಕ ಬರೆಯುವ ಕೆಲಸವೇ?" ಎಂದು ಕೇಳಿದ್ದೀರಿ.

ನಾಲ್ಕು ಜನರೆದುರು ಕೇಳಿದ್ದು ಸರಿಯಲ್ಲ, ಅಷ್ಟರಮಟ್ಟಿಗೆ ನಾನು ನಿಮ್ಮ ಪರ. ಪರದೆ ಎಳೆದು ಮೆಲ್ಲಗೆ ಕೇಳಬಹುದಿತ್ತು. ಪ್ರಶ್ನೆ ಮಾತ್ರ ಕೇಳಲೇಬೇಕಾದದ್ದು. ಹೊಟ್ಟೆಯ ಕಾಯಿಲೆಯಲ್ಲಿ ಒಳಗಿನ ಸುದ್ದಿ ಎಷ್ಟೋ ಸಲ ಮೊದಲು ತಿಳಿಯುವುದು ಹೊರಗೆ ಬಂದದ್ದರಿಂದಲೇ. ಡಾಕ್ಟರು ದಿನಕ್ಕೆ ಒಂದೆರಡು ಸಲ ಬಂದು ಹೋಗುತ್ತಾರೆ. ವಾಂತಿ, ಭೇದಿಗೆ ಹೊತ್ತುಗೊತ್ತಿಲ್ಲ. ಅದನ್ನು ನೋಡಿ, ಅಳೆದು, ಇದು ಬೆಳಗಿನವರೆಗೆ ಕಾಯಬಹುದೋ ಈಗಲೇ ಡಾಕ್ಟರನ್ನು ಎಬ್ಬಿಸಬೇಕೋ ಎಂದು ತೀರ್ಮಾನಿಸುವವರು ನರ್ಸ್.

ನೀರಿನ ವಿಷಯಕ್ಕೆ ಬರೋಣ. ಹೊಟ್ಟೆಯ ಆಪರೇಷನ್ ಆದ ಮೇಲೆ ಕರುಳಿನ ಚಲನೆ ಕೆಲಕಾಲ ನಿಂತುಹೋಗುತ್ತದೆ. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತದೆ, ಜಠರಕ್ಕೆ ಇನ್ನಷ್ಟು ಹೊತ್ತು ಬೇಕು, ದೊಡ್ಡ ಕರುಳಿಗೆ ಎರಡು ಮೂರು ದಿನ. ಬಾಯಿಗೆ ಏನೂ ಹಾಕದಿದ್ದರೂ ಒಳಗೆ ದ್ರವ ಸುರಿಯುತ್ತಲೇ ಇರುತ್ತದೆ. ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ, ಕರುಳಿನ ರಸ ಎಲ್ಲ ಸೇರಿ ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 7 ಲೀಟರ್! ಎಂದಿನಂತೆ ಇದ್ದರೆ ಕರುಳೇ ಅದರಲ್ಲಿ ಬಹುಪಾಲನ್ನು ಮತ್ತೆ ಹೀರಿಕೊಳ್ಳುತ್ತದೆ. ಚಲನೆ ನಿಂತಾಗ ಅದು ಅಲ್ಲೇ ಮಡುಗಟ್ಟಿ ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ. ನಿತ್ರಾಣವಾಗಿ ಮಲಗಿದವರ ವಾಂತಿ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಗ್ಯಾಸ್ ಹೋಯಿತೆಂದರೆ ದೊಡ್ಡ ಕರುಳೂ ಕೆಲಸ ಶುರುಮಾಡಿದೆ ಎಂಬ ಭರವಸೆ. ಈಗ ಅನೇಕ ಆಸ್ಪತ್ರೆಗಳಲ್ಲಿ ಆ ದಿನವೋ ಮರುದಿನವೋ ಗುಟುಕು ಗುಟುಕಾಗಿ ನೀರು ಕೊಡಲು ಆರಂಭಿಸುತ್ತಾರೆ, ಬೇಗ ಎಬ್ಬಿಸಿ ನಡೆಸುತ್ತಾರೆ. ಯಾರಿಗೆ ಯಾವಾಗ ಎಂಬುದು ಆಪರೇಷನ್ ಎಂಥದ್ದು ಎನ್ನುವುದರ ಮೇಲೆ ಹೋಗುತ್ತದೆ, ಅದನ್ನು ಸರ್ಜನ್ ಹೇಳಬೇಕು. ಆದರೆ ನೀರು ಕೊಡಬಾರದು ಎಂದರೆ ಬಾಯಿ ಒಣಗಲು ಬಿಡಬೇಕು ಎಂದಲ್ಲ. ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸುವುದು, ಎಚ್ಚರವಿದ್ದವರಿಗೆ ಬಾಯಿ ಮುಕ್ಕಳಿಸಿ ಉಗುಳಿಸುವುದು, ಹಲ್ಲುಜ್ಜಿಸುವುದು ಕೂಡ ಶುಶ್ರೂಷೆಯೇ. ಅದನ್ನು ಯಾರೂ ಮಾಡಲಿಲ್ಲವಾದರೆ ನಿಮ್ಮ ದೂರು ನ್ಯಾಯವಾದದ್ದು.

ಮೂತ್ರದ ಲೆಕ್ಕ ಸರಳ. ವಯಸ್ಕರಲ್ಲಿ ತೂಕದ ಪ್ರತಿ ಕಿಲೋಗೆ ಗಂಟೆಗೆ 0.5 ಮಿಲಿಲೀಟರ್‌ನಷ್ಟಾದರೂ ಬರಬೇಕು, ಅಂದರೆ 60 ಕಿಲೋ ತೂಕದವರಿಗೆ 30. ಅದಕ್ಕಿಂತ ಇಳಿಯುತ್ತ, ನಾಡಿ ಏರುತ್ತ ಹೋದರೆ ಮೈಯಲ್ಲಿ ನೀರು ಸಾಲದು, ಇಲ್ಲವೇ ಒಳಗೆಲ್ಲೋ ರಕ್ತ ಸೋರುತ್ತಿದೆ ಎಂಬ ಅನುಮಾನ ಬರಬೇಕು. ಬಿಪಿ ಬೀಳುವುದು ಎಷ್ಟೋ ಸಲ ಆಮೇಲೆ. ಅದು ಬೀಳಲಿ ಎಂದು ಕಾದವರು ತಡಮಾಡಿದಂತೆಯೇ.

ಇನ್ನು ಬೆಡ್‌ಪ್ಯಾನ್. ನೀವು ಮರ್ಯಾದೆಗೆಂದು ತೊಳೆದಿರಿ, ಮಕ್ಕಳಾದವರು ಮಾಡುವುದೇ ಅದು. ಆದರೆ ಅದರ ಜೊತೆ ಒಂದು ಪರೀಕ್ಷೆಯ ಫಲಿತಾಂಶವೂ ಕೊಚ್ಚಿಹೋಯಿತು. ಕಪ್ಪಗೆ, ಟಾರಿನ ಹಾಗೆ ಅಂಟಂಟಾಗಿ, ತಡೆಯಲಾಗದ ನಾತದ ಮಲವೆಂದರೆ ಸಾಮಾನ್ಯವಾಗಿ ಜಠರದಲ್ಲೋ ಅದರ ಆಸುಪಾಸಿನಲ್ಲೋ ರಕ್ತಸ್ರಾವ. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಹಾಗಾಗಿ ಬಣ್ಣವೊಂದನ್ನೇ ನಂಬುವಂತಿಲ್ಲ. ಅಂಟು, ವಾಸನೆ, ನಾಡಿ ಎಲ್ಲ ನೋಡಬೇಕು. ಬಿಳಿಚಿದ ಜೇಡಿಮಣ್ಣಿನ ಬಣ್ಣವಿದ್ದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲವೇನೋ ಎಂದು ಯೋಚಿಸಬೇಕು. ಮಲದ ರೂಪವನ್ನು 7 ಬಗೆಯಾಗಿ ವಿಂಗಡಿಸುವ ಬ್ರಿಸ್ಟಲ್ ಪಟ್ಟಿ 1997ರಲ್ಲಿ ಪ್ರಕಟವಾಯಿತು. ಕೇಳಿದರೆ ನಗು ಬರಬಹುದು, ನನಗೂ ಬಂದಿತ್ತು. ಆದರೆ "ಸ್ವಲ್ಪ ಭೇದಿ ಆಯ್ತು" ಎನ್ನುವುದಕ್ಕೂ "ರಾತ್ರಿಯಿಂದ ನಾಲ್ಕು ಸಲ, 7ನೇ ಬಗೆ" (ಅಂದರೆ ಬರೀ ನೀರು) ಎನ್ನುವುದಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ಕೇಳಿದ ಡಾಕ್ಟರಿಗೆ ಡ್ರಿಪ್ ಎಷ್ಟು ಏರಿಸಬೇಕೆಂದು ಯೋಚಿಸಲು ಒಂದು ಆಧಾರ ಸಿಗುತ್ತದೆ. ಹಾಗಾಗಿ ಮುಚ್ಚಿಡಿ, ಪಕ್ಕಕ್ಕಿಡಿ, ನರ್ಸ್ ನೋಡಿದ ಮೇಲೆ ತೊಳೆಯಿರಿ.

ಪತ್ರದ ಕೊನೆಯಲ್ಲಿ, ಇದಕ್ಕೆ ಸಂಬಂಧವಿಲ್ಲ ಎನ್ನುತ್ತಲೇ ಚಿಕ್ಕಪ್ಪನವರ ವಿಷಯ ಬರೆದಿದ್ದೀರಿ. ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇರುವ ಅವರಿಗೆ ಕೊಟ್ಟಿರುವ ಲ್ಯಾಕ್ಟುಲೋಸ್ ಸಿರಪ್ಪಿನಿಂದ ದಿನಕ್ಕೆ ಮೂರು ಸಲ ಹೊರಗೆ ಹೋಗಬೇಕಾಗುತ್ತದೆ, ಸುಸ್ತಾಗುತ್ತಾರೆ, ನಿಲ್ಲಿಸಿಬಿಡೋಣವೇ ಎಂದು. ಸಂಬಂಧ ಖಂಡಿತ ಇದೆ. ನೀವಾಗಿ ನಿಲ್ಲಿಸಬೇಡಿ. ಲಿವರ್ ಸೋತಾಗ ಅಮೋನಿಯಾದಂಥ ವಸ್ತುಗಳು ರಕ್ತದಲ್ಲಿ ಉಳಿದು ಮೆದುಳನ್ನು ಮಂಕಾಗಿಸುತ್ತವೆ. ಆ ಸಿರಪ್ ಅದನ್ನು ಮಲದ ಮೂಲಕ ಹೊರಹಾಕಲು ನೆರವಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಲಿ ಎಂದೇ ಅದನ್ನು ಕೊಟ್ಟಿರುವುದು, ಅದು ಅಡ್ಡಪರಿಣಾಮವಲ್ಲ. ನೀರಿನ ಹಾಗೆ ಆಗತೊಡಗಿದರೆ ಡಾಕ್ಟರಿಗೆ ತಿಳಿಸಿ, ಪ್ರಮಾಣ ಇಳಿಸುತ್ತಾರೆ. ಎರಡು ದಿನ ಹೋಗಲೇ ಇಲ್ಲವೆಂದರೆ ಅದನ್ನೂ ತಿಳಿಸಿ. ಸುಸ್ತಿನ ಬಗ್ಗೆಯೂ ಹೇಳಿ, ಅದಕ್ಕೆ ಬೇರೆ ಕಾರಣವಿರಬಹುದು. ಮನೆಯಲ್ಲಿ ಯಾರಾದರೂ ಒಬ್ಬರು ಸಲದ ಲೆಕ್ಕ ಬರೆದಿಡಿ. ಹಗಲೆಲ್ಲ ತೂಕಡಿಸಿ ರಾತ್ರಿ ಎಚ್ಚರವಾಗಿರುವುದು, ಕೈಬರಹ ವಕ್ರವಾಗುವುದು, ಚಾಚಿದ ಅಂಗೈ ಪಟಪಟನೆ ಅದುರುವುದು, ಮಾತು ಗೊಂದಲವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಲೆಕ್ಕದ ಪುಸ್ತಕವನ್ನೂ ಒಯ್ಯಿರಿ.

ಸಂಪಾದಕ