ಕಲೆ ಪ್ರಶ್ನೋತ್ತರ: ಚಿತ್ರಕಾರನ ಕಣ್ಣು ಯಾವ ಮಹಡಿಯಲ್ಲಿದೆ?

ಪ್ರಶ್ನೆ: ಗುಸ್ತಾವ್ ಕಾಯ್‌ಬಾತ್, ಕಮೀಲ್ ಪಿಸಾರೊ ಇಬ್ಬರೂ ಪ್ಯಾರಿಸ್ಸಿನ ಬೀದಿಗಳನ್ನು ಬರೆದವರು. ಒಬ್ಬರದು ಫೋಟೊದಂತೆ ನಯ, ಇನ್ನೊಬ್ಬರದು ಮಸುಕು. ವ್ಯತ್ಯಾಸ ಅಷ್ಟೇನಾ?
– ಓದುಗರು, ಧಾರವಾಡ

ಅಲ್ಲ. ಕುಂಚದ ನಯ, ಒರಟು ಆಮೇಲಿನ ಮಾತು. ಚಿತ್ರಕಾರ ಎಲ್ಲಿ ನಿಂತು ನೋಡಿದ್ದಾನೆ ಎಂಬುದನ್ನು ಮೊದಲು ಗಮನಿಸಿ. ಕಾಯ್‌ಬಾತ್ 1877ರಲ್ಲಿ ಬರೆದ ‘ಪ್ಯಾರಿಸ್ ರಸ್ತೆ, ಮಳೆಯ ದಿನ’ ಈಗ ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಸುಮಾರು 212 ಸೆಂ.ಮೀ. ಎತ್ತರ, 276 ಸೆಂ.ಮೀ. ಅಗಲ. ಅದರ ಮುದ್ರಿತ ಪ್ರತಿಯ ಮೇಲೆ ಸ್ಕೇಲನ್ನು ಅಡ್ಡಲಾಗಿ ಇಡಿ. ಎದುರಿಗೆ ಬರುವ ಛತ್ರಿಯ ಜೋಡಿಯಿಂದ ಹಿಡಿದು ದೂರದಲ್ಲಿ ರಸ್ತೆ ದಾಟುವವರವರೆಗೆ ಎಲ್ಲರ ತಲೆಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಕೆಳಗೆ ಮೇಲೆ ಆಗುವುದು ಪಾದಗಳು ಮಾತ್ರ. ಅಂದರೆ ನೋಡುವವರೂ ಅದೇ ಫುಟ್‌ಪಾತಿನಲ್ಲಿದ್ದಾರೆ, ಪಕ್ಕಕ್ಕೆ ಸರಿಯದಿದ್ದರೆ ಛತ್ರಿ ತಾಗುತ್ತದೆ! ನಡುವಿನ ದೀಪದ ಕಂಬ ಚಿತ್ರವನ್ನು ಎರಡು ಪಾಲು ಮಾಡುತ್ತದೆ. ಬೀಳುವ ಮಳೆಯ ಒಂದು ಗೆರೆಯೂ ಇಲ್ಲ. ಒದ್ದೆ ಕಲ್ಲುಹಾಸಿನ ಹೊಳಪೇ ಮಳೆ.

ಪಿಸಾರೊಗೆ ಕಣ್ಣಿನ ಸೋಂಕು ಮರುಕಳಿಸುತ್ತಿದ್ದುದರಿಂದ ಹೊರಗೆ ಕೂತು ಬರೆಯುವುದು ಕಷ್ಟವಾಗಿತ್ತು. 1897ರಲ್ಲಿ ಹೋಟೆಲ್ ಕೋಣೆ ಹಿಡಿದು, ಕಿಟಕಿಯಿಂದ ಕಾಣುವ ಮೊಂಮಾರ್ತ್ರ್ ಬುಲೆವಾರ್ ಎಂಬ ಅಗಲವಾದ ರಸ್ತೆಯನ್ನು 14 ಸಲ ಬರೆದ. ಅಷ್ಟು ಎತ್ತರದಿಂದ ಮುಖಗಳಿಗೆ ಬೆಲೆಯಿಲ್ಲ. ಜನ, ಗಾಡಿ ಎಲ್ಲ ಒಂದೆರಡು ಕುಂಚದ ಗುರುತು. ರಸ್ತೆ ಅದೇ, ಬದಲಾಗುವುದು ಹೊತ್ತು ಮತ್ತು ಹವೆ. ಇವುಗಳಲ್ಲಿ ರಾತ್ರಿಯ ದೃಶ್ಯವನ್ನು ಬಿಡದೆ ನೋಡಿ: ನಡುವಿನ ಬೀದಿದೀಪಗಳದು ತಣ್ಣನೆಯ ಬಿಳಿ, ಅಂಗಡಿಗಳದು ಬೆಚ್ಚನೆಯ ಹಳದಿ. ಎರಡನ್ನೂ ಒಂದೇ ಹಳದಿಯಲ್ಲಿ ಮುಗಿಸಿದ್ದರೆ ಚಿತ್ರ ಸತ್ತೇಹೋಗುತ್ತಿತ್ತು.

ಪ್ರಶ್ನೆ: ಮೂರನೇ ಮಹಡಿಯ ಬಾಲ್ಕನಿಯಿಂದ ಪೇಟೆ ಬೀದಿಯನ್ನು ಜಲವರ್ಣದಲ್ಲಿ ಬರೆದೆ. ಜನ ಗಾಳಿಯಲ್ಲಿ ತೇಲುವಂತೆ ಕಾಣುತ್ತಾರೆ. ಯಾಕೆ?
– ಓದುಗರು, ಶಿವಮೊಗ್ಗ

ರಸ್ತೆಯನ್ನು ಮೇಲಿನಿಂದ ನೋಡಿ, ಜನರನ್ನು ಎದುರಿನಿಂದ ಬರೆದಿರಬೇಕು. ಕಣ್ಣಿನ ಮಟ್ಟದ ಗೆರೆಯನ್ನು ಪೆನ್ಸಿಲಿನಲ್ಲಿ ತೆಳುವಾಗಿ ಹಾಕಿಕೊಳ್ಳಿ. ನಿಮ್ಮ ಲೆಕ್ಕಕ್ಕೆ ಅದು ಎದುರು ಕಟ್ಟಡದ ಮೂರನೇ ಮಹಡಿಯ ಕಿಟಕಿಗಳ ಮೇಲೆ ಹಾಯುತ್ತದೆ. ಬೀದಿಯಲ್ಲಿರುವವರೆಲ್ಲ ಅದರ ಕೆಳಗೇ ಬರಬೇಕು. ಹತ್ತಿರದವರಲ್ಲಿ ತಲೆ, ಭುಜ ಹೆಚ್ಚು ಕಾಣಲಿ, ಕಾಲು ಗಿಡ್ಡವಾಗಲಿ. ಪ್ರತಿಯೊಬ್ಬರ ಪಾದಕ್ಕೆ ತಾಗಿದಂತೆ ನೆರಳು ಹಾಕಿ, ಎಲ್ಲ ನೆರಳೂ ಒಂದೇ ದಿಕ್ಕಿಗಿರಲಿ. ರಸ್ತೆ ಒದ್ದೆಯಿದ್ದರೆ ಪ್ರತಿಬಿಂಬ ಬೇರೆ ಲೆಕ್ಕ: ಬಿಸಿಲು ಎಲ್ಲಿಂದಲೇ ಬರಲಿ, ಅದು ವಸ್ತುವಿನ ನೇರ ಕೆಳಕ್ಕೇ ಇಳಿಯುತ್ತದೆ. ಪ್ರತಿಬಿಂಬವನ್ನು ನೆರಳಿನ ಹಾಗೆ ಓರೆಯಾಗಿ ಎಳೆದರೆ ರಸ್ತೆ ಇಳಿಜಾರಾದಂತೆ ಕಾಣುತ್ತದೆ.

ಪ್ರಶ್ನೆ: ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್‌ನ ಖಾಲಿ ಬೀದಿಗಳು ಅರ್ಧಕ್ಕೆ ಬಿಟ್ಟ ಚಿತ್ರದಂತೆ ಯಾಕೆ ಕಾಣುವುದಿಲ್ಲ?
– ಓದುಗರು, ಮೈಸೂರು

1930ರ ‘ಭಾನುವಾರ ಮುಂಜಾನೆ’ ಚಿತ್ರವನ್ನೇ ತೆಗೆದುಕೊಳ್ಳಿ. ಮೇಲಿನ ಕಿಟಕಿಯೊಂದರಲ್ಲಿ ಒಬ್ಬ ವ್ಯಕ್ತಿಯನ್ನು ಬರೆದು, ಆಮೇಲೆ ಹಾಪರ್ ಅದರ ಮೇಲೆ ಬಣ್ಣ ಬಳಿದುಬಿಟ್ಟ. ಆದರೂ ಅಲ್ಲಿ ಯಾರೋ ವಾಸವಿದ್ದಾರೆ ಅನ್ನಿಸುತ್ತದೆ, ಯಾಕೆಂದರೆ ಮಹಡಿಯ ಕಿಟಕಿಗಳಲ್ಲಿ ಪರದೆ ಒಂದೊಂದು ಕಡೆ ಒಂದೊಂದು ಮಟ್ಟಕ್ಕೆ ಇಳಿದಿದೆ. ನಮ್ಮಲ್ಲಿ ಕಟ್ಟಡ ಬರೆಯುವವರು ಒಂದು ಕಿಟಕಿಯನ್ನು ಚೆನ್ನಾಗಿ ಬರೆದು ಉಳಿದವನ್ನು ಅಚ್ಚೊತ್ತಿದಂತೆ ಸಾಲಿಗಿಡುತ್ತಾರೆ. ಖಾಲಿತನ ಕಾಣುವುದು ಅಲ್ಲಿ.