ಬಂಕ್‌ನಲ್ಲಿರೋ ತಮ್ಮಂಗೆ ಸಿಬಿಸಿ ಒಂದೇ ಸಾಕಾ?

ನೋಡಿ ಮಾರಾಯ್ರೆ, ತೀರ್ಥಹಳ್ಳಿ ಕಡೆ ಬಂಕ್‌ನಲ್ಲಿ ಪೆಟ್ರೋಲ್ ಹಾಕೋ ತಮ್ಮಂಗೆ ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ನಾರ್ಮಲ್ ಬಂತು, ಇನ್ನು ಪೆಟ್ರೋಲಲ್ಲಿರೋ ಬೆಂಜೀನ್ ಅನ್ನೋ ವಿಷದ ಭಯ ಇಲ್ವಾ ಅಂತ ಕೇಳಿದೀರಲ್ಲ, ಹಂಗನ್ನಕ್ಕಾಗಲ್ಲ. ಸಿಬಿಸಿ ತೋರ್ಸೋದು ರಕ್ತ ತಯಾರಾಗೋ ಮೂಳೆ ಮಜ್ಜೆಗೆ ಪೆಟ್ಟು ಬಿದ್ದು ರಕ್ತಕಣ ಕಮ್ಮಿ ಆಗಿದ್ಯಾ ಅಂತ, ಮೈಯೊಳಗೆ ಬೆಂಜೀನ್ ಎಷ್ಟು ಹೋಗ್ತಿದೆ ಅಂತಲ್ಲ. ಅದಕ್ಕೆ ಮೂತ್ರದಲ್ಲಿ ಎಸ್‌ಪಿಎಂಎ (ಬೆಂಜೀನ್ ಮೈಯೊಳಗೆ ಒಡೆದು ಆಗೋ ವಸ್ತು) ಟೆಸ್ಟ್ ಮಾಡಿಸ್ಬೇಕು, ಅದೂ ಶಿಫ್ಟ್ ಮುಗಿದ ತಕ್ಷಣ ಸ್ಯಾಂಪಲ್ ಕೊಡ್ಬೇಕು, ನಮ್ಮೋರು ಮಾಡೋ ಹಂಗೆ ರಜೆ ಮುಗ್ಸಿ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೋಗಿ ಕೊಟ್ರೆ ಅಷ್ಟೊತ್ತಿಗೆ ಮುಕ್ಕಾಲುಪಾಲು ಹೊರಗೆ ಹೋಗಿರುತ್ತೆ, ರಿಪೋರ್ಟ್ ಚೆಂದಾಗೇ ಬರುತ್ತೆ! ಬೆಂಜೀನ್ ಒಡೆದಾಗ ಮೂತ್ರದಲ್ಲಿ ಬರೋ ಮ್ಯೂಕೋನಿಕ್ ಆಸಿಡ್ ಅಂತ ಇನ್ನೊಂದು ಟೆಸ್ಟ್ ಇದೆ, ಆದ್ರೆ ಬೇಕರಿ ತಿಂಡಿ, ಬಾಟ್ಲಿ ಜ್ಯೂಸ್‌ಗೆ ಕೆಡದೆ ಇರ್ಲಿ ಅಂತ ಹಾಕೋ ಸೋರ್ಬೇಟ್‌ನಿಂದ್ಲೂ ಅದು ಏರೋದ್ರಿಂದ ನಂಗೆ ಅದ್ರ ಮೇಲೆ ಅಷ್ಟು ನಂಬಿಕೆ ಇಲ್ಲ. ಬೀಡಿ ಸಿಗರೇಟ್ ಸೇದ್ತಿದ್ರೆ ಎರಡೂ ಏರುತ್ತೆ, ಮುಚ್ಚಿಡದೆ ಡಾಕ್ಟ್ರಿಗೆ ಹೇಳ್ಲಿ. ರಿಪೋರ್ಟ್ ಕ್ರಿಯಾಟಿನಿನ್ (ಮೂತ್ರದಲ್ಲಿ ಸಹಜವಾಗೇ ಇರೋ ವಸ್ತು) ಲೆಕ್ಕದಲ್ಲಿ ಕೊಡಿ ಅನ್ನಿ, ಇಲ್ಲಾಂದ್ರೆ ಅವತ್ತು ನೀರು ಜಾಸ್ತಿ ಕುಡಿದಿದ್ರೂ ನಂಬರ್ ಇಳಿದಂಗೆ ಕಾಣುತ್ತೆ. ಪೆಟ್ರೋಲಲ್ಲಿ ಬೆಂಜೀನ್ 1% ದಾಟಬಾರ್ದು ಅಂತ ನಿಯಮ ಇದೆ, ಇದ್ರೂ ದಿನಾ ಅದೇ ಗಾಳಿ ಕುಡಿಯೋನ ಕಥೆ ಬೇರೆ ಅಲ್ವಾ. ಆಮೇಲೆ ಗ್ರೀಸ್ ಹೋಗ್ಲಿ ಅಂತ ಪೆಟ್ರೋಲಲ್ಲಿ ಕೈ ತೊಳೆಯೋ ಚಾಳಿ ಇದ್ರೆ ಇವತ್ತೇ ಬಿಡಿಸಿ, ಚರ್ಮದಿಂದ್ಲೂ ಒಳಗೆ ಇಳಿಯುತ್ತೆ ಅದು.