‘ಹೂಂ, ಭಾಳ ಚಲೋ ಇತ್ತು’ ಅಂದ ಹುಡುಗನಿಗೆ

ಇಳಕಲ್ಲಿನ ಗೆಳೆಯರೇ, ನಮಸ್ಕಾರ.

‘ಸ್ಪೈಡರ್‌ಮ್ಯಾನ್ 3: ಹುಸಿಯಾದ ನಿರೀಕ್ಷೆ’ ಅಂತ ನೀವು ಕಳಿಸಿದ ಲೇಖನ ಬೆಳಗಾವಿಗೆ ಬಂದು ಮೂರು ವಾರ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಇಡೀ ಲೇಖನ ಎರಡು ಸಲ ಓದಿದೆ. ಏಳನೇ ಪುಟವನ್ನಂತೂ ನಾಲ್ಕು ಸಲ ಓದಿದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಈಗಿರುವ ಹಾಗೆ ಇದನ್ನು ನಮ್ಮ ವಾರಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. ಆದರೆ ಆ ಏಳನೇ ಪುಟದಲ್ಲಿ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದು ನನಗೆ ಬೇಕು.

ಹೊಸದಾಗಿ ಬರೆಯುವ ಉಳಿದವರಿಗೂ ಉಪಯೋಗ ಆಗಲಿ ಅಂತ ಈ ಉತ್ತರವನ್ನು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ. ನಿಮ್ಮ ಲೇಖನದಲ್ಲಿ ಏನಿದೆ ಅಂತ ಅವರಿಗೂ ಗೊತ್ತಾಗಬೇಕಲ್ಲ. ಒಟ್ಟು ಎಂಟು ಪುಟ. ಮೊದಲ ಐದು ಪುಟ ಸಿನಿಮಾದ ಕಥೆ. ಆರನೇ ಪುಟ ತಪ್ಪುಗಳ ಪಟ್ಟಿ. ಏಳನೇ ಪುಟದಲ್ಲಿ ಕೆಲವೇ ಸಾಲು: 2007ರ ಬೇಸಿಗೆ ರಜೆ, ಐದನೇ ಕ್ಲಾಸು ಮುಗಿಸಿದ ನೀವು, ಸಿನಿಮಾ ತೋರಿಸಲು ವಿಜಯಪುರಕ್ಕೆ ಕರೆದುಕೊಂಡು ಹೋದ ನಿಮ್ಮ ಅಣ್ಣ. ಎಂಟನೇ ಪುಟದಲ್ಲಿ ಗಳಿಕೆಯ ಲೆಕ್ಕ, ಕೊನೆಗೆ ‘ಐದಕ್ಕೆ ಎರಡು ಸ್ಟಾರ್’.

ಮೊದಲ ಐದು ಪುಟ ತೆಗೆದುಹಾಕಿ. ಸಿನಿಮಾ ನೋಡಿದವರಿಗೆ ಕಥೆ ಗೊತ್ತು. ನೋಡದವರಿಗೆ ನಾಲ್ಕು ಸಾಲು ಸಾಕು. ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಪಾರ್ಕರ್‌ಗೆ ಊರೆಲ್ಲ ಜೈ ಅನ್ನುತ್ತಿದೆ. ಆಕಾಶದಿಂದ ಬಿದ್ದ ಕರಿ ಅಂಟಿನಂಥ ಜೀವವೊಂದು ಅವನ ಮೈಗೆ ಹತ್ತಿಕೊಂಡು ಸೊಕ್ಕು ಏರಿಸುತ್ತದೆ. ಮರಳಿನ ಮನುಷ್ಯ ಸ್ಯಾಂಡ್‌ಮ್ಯಾನ್, ಹಗೆ ಸಾಧಿಸುವ ಗೆಳೆಯ ಹ್ಯಾರಿ, ಆ ಕರಿ ಜೀವ ಹೊಕ್ಕ ವೆನಮ್, ಹೀಗೆ ಮೂವರು ವೈರಿಗಳು ಅವನ ಮೇಲೆ ಬೀಳುತ್ತಾರೆ. ಇಷ್ಟು ಹೇಳಿ ಮುಂದೆ ಹೋಗಿ.

ಆರನೇ ಪುಟದಲ್ಲಿ ನನಗೆ ಜಾಸ್ತಿ ತಕರಾರು ಇದೆ. ‘ಪಾತ್ರಪೋಷಣೆ ಸೊರಗಿದೆ’, ‘ಚಿತ್ರಕಥೆ ಹಳಿ ತಪ್ಪಿದೆ’, ‘ಪ್ರೇಕ್ಷಕನ ತಾಳ್ಮೆ ಪರೀಕ್ಷಿಸುತ್ತದೆ’. ಇವು ನಿಮ್ಮ ಮಾತಲ್ಲ. ಯಾವ ಪತ್ರಿಕೆಯ ಸಿನಿಮಾ ಪುಟ ತೆರೆದರೂ ಸಿಗುವ ಮಾತು. ಯಾವ ಸಿನಿಮಾಕ್ಕೆ ಹಚ್ಚಿದರೂ ನಡೆಯುತ್ತದೆ. ಹಾಗೆ ಎಲ್ಲದಕ್ಕೂ ನಡೆಯುವ ಮಾತು ಯಾವುದರ ಬಗ್ಗೆಯೂ ಏನೂ ಹೇಳುವುದಿಲ್ಲ. ನಿಮಗೆ ನಿಜವಾಗಿ ನೋವಾದದ್ದು ಎಲ್ಲಿ ಅಂತ ಹುಡುಕುತ್ತಾ ಹೋದೆ. ಪಟ್ಟಿಯ ಒಂಬತ್ತನೇ ತಪ್ಪಿನಲ್ಲಿ ಸಿಕ್ಕಿತು: ‘ಬೆನ್ ಅಂಕಲ್‌ನ ಕೊಂದವನು ಬೇರೆ ಅಂತ ಮಾಡಬಾರದಿತ್ತು.’

ಇದು ಒಂಬತ್ತನೆಯದಲ್ಲ, ಮೊದಲನೆಯದು. 2002ರ ಮೊದಲ ಸಿನಿಮಾದಲ್ಲಿ ಪೀಟರ್ ಒಬ್ಬ ಕಳ್ಳನನ್ನು ‘ನನಗೇನಾಗಬೇಕು’ ಅಂತ ಓಡಿಹೋಗಲು ಬಿಡುತ್ತಾನೆ. ತನ್ನನ್ನು ಸಾಕಿದ ಕಾಕಾ ಬೆನ್‌ನನ್ನು ಕೊಂದವನು ಅದೇ ಕಳ್ಳ ಅಂತ ಆಮೇಲೆ ಗೊತ್ತಾಗುತ್ತದೆ. ಆಗ ಆ ಹುಡುಗನ ಹೆಗಲ ಮೇಲೆ ಒಂದು ಭಾರ ಬೀಳುತ್ತದಲ್ಲ, ನನ್ನ ಮಟ್ಟಿಗೆ ಸ್ಪೈಡರ್‌ಮ್ಯಾನ್ ಅಂದರೆ ಆ ಭಾರವೇ. ಬಲೆ, ಜಿಗಿತ ಎಲ್ಲ ಆಮೇಲೆ. ಮೂರನೇ ಭಾಗದಲ್ಲಿ ಪೊಲೀಸರು ಪೀಟರ್‌ನನ್ನೂ ಮೇ ಕಾಕುವನ್ನೂ ಕರೆಸಿ, ಕೊಂದವನು ಅವನಲ್ಲ, ಫ್ಲಿಂಟ್ ಮಾರ್ಕೋ, ಅಂದರೆ ಅದೇ ಸ್ಯಾಂಡ್‌ಮ್ಯಾನ್, ಅನ್ನುತ್ತಾರೆ. ಎರಡು ಸಿನಿಮಾ ಹೊತ್ತು ತಂದ ಭಾರ ಒಂದೇ ಮಾತಿಗೆ ಹಗುರಾಗಿಬಿಡುತ್ತದೆ. ಹತ್ತು ವರ್ಷದ ಹುಡುಗನಿಗೆ ಅದು ಚುಚ್ಚಿತ್ತು ಅಂದರೆ, ಯಾಕೆ ಚುಚ್ಚಿತು ಅಂತ ಒಂದು ಪುಟ ಬರೆಯಿರಿ. ಉಳಿದ ಎಂಟು ತಪ್ಪು ಬಿಟ್ಟರೂ ನಡೆದೀತು. ಇನ್ನೊಂದು ಮಾತು, ಈ ‘ಬೆನ್ ಅಂಕಲ್’ ಯಾಕೆ? ನಿಮ್ಮ ಮನೆಯಲ್ಲಿ ಕಾಕಾ ಅಂತಲ್ವಾ ಕರೆಯುವುದು? ‘ಬೆನ್ ಕಾಕಾ’ ಅಂತ ಬರೆದು ನೋಡಿ. ಅವನು ಸತ್ತದ್ದು ನಮ್ಮ ಓಣಿಯಲ್ಲೇ ಅನ್ನಿಸುತ್ತದೆ.

ಈಗ ಏಳನೇ ಪುಟ. ನಿಮ್ಮ ಸಾಲುಗಳನ್ನೇ ಇಲ್ಲಿ ಇಡುತ್ತೇನೆ.

‘ಅಣ್ಣನಿಗೆ ವಾರದ ಮಜೂರಿ ಬಂದಿತ್ತು. ಬೆಳಿಗ್ಗೆ ಎಬ್ಬಿಸಿ ಬಸ್ಸಿಗೆ ಕರ್ಕೊಂಡು ಹೋದ. ಸಿನಿಮಾ ಹಿಂದಿಯಲ್ಲಿತ್ತು. ನನಗೆ ತಿಳೀತಿರಲಿಲ್ಲ, ಅಣ್ಣ ಕಿವಿಯಲ್ಲಿ ಹೇಳ್ತಿದ್ದ. ಮರಳಿನ ಮನುಷ್ಯ ಏಳುವಾಗ ಮಾತ್ರ ಅಣ್ಣ ಏನೂ ಹೇಳಲಿಲ್ಲ. ಅದು ಮಾತ್ರ ನನಗೆ ಪೂರಾ ತಿಳೀತು. ಬರುವಾಗ ಬಸ್ಸಿನಲ್ಲಿ ಹೆಂಗಿತ್ತೋ ಅಂದ. ಹೂಂ, ಭಾಳ ಚಲೋ ಇತ್ತು ಅಂದೆ.’

ಎಂಟು ಪುಟದಲ್ಲಿ ನಿಮ್ಮ ಕೈಯಾರೆ ಬರೆದದ್ದು ಇದೊಂದೇ. ಮಜೂರಿ ಅನ್ನುವ ಶಬ್ದ ಓದಿದ ಕೂಡಲೇ ಒಂದು ಮನೆ ಕಣ್ಣಿಗೆ ಬಂತು. ಆ ಮರಳಿನ ದೃಶ್ಯವನ್ನು ಮಾತ್ರ ನೀವು ‘ಮರಳಿನ ಮನುಷ್ಯ ಏಳುವಾಗ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ನೆನಪು ಮಾಡಿಕೊಳ್ಳಿ. ಮೊದಲು ಬರೀ ಮರಳಿನ ಗುಡ್ಡೆ. ಅದರಲ್ಲಿ ಒಂದೆರಡು ಕಾಳು ಮಿಸುಕುತ್ತವೆ. ಮೆಲ್ಲಗೆ ತಲೆ, ಹೆಗಲು ಮೂಡುತ್ತವೆ. ಏಳಲು ಹೋಗಿ ಕುಸಿಯುತ್ತಾನೆ. ಎದುರಿಗೆ ಮಗಳ ಫೋಟೋ ಇರುವ ಲಾಕೆಟ್ ಬಿದ್ದಿದೆ. ಹಿಡಿಯಲು ಕೈ ಚಾಚಿದರೆ ಬೆರಳು ಉದುರಿ ಹೋಗುತ್ತವೆ. ಮತ್ತೆ ಚಾಚುತ್ತಾನೆ. ಆ ಲಾಕೆಟ್ ಹಿಡಿಯಬೇಕು ಅನ್ನುವ ಹಟಕ್ಕೇ ಮರಳು ಕೈ ಆಗುತ್ತದೆ. ಒಂದೂ ಮಾತಿಲ್ಲ. ಬರೀ ಸಂಗೀತ.

ಈ ಸಿನಿಮಾ ಆಗ ನಮ್ಮ ದೇಶದಲ್ಲಿ ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗು, ಭೋಜಪುರಿಯಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗಿಗೆ ನಮ್ಮಲ್ಲಿ ಇದ್ದ ವಿರೋಧ ನಿಮಗೂ ಗೊತ್ತು. 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಸಿನಿಮಾ ಕನ್ನಡದಲ್ಲೂ ಬಂತು, ಈಗಿನ ಮಕ್ಕಳಿಗೆ ಆ ತೊಂದರೆ ಕಡಿಮೆ. ಆದರೆ ಅವತ್ತು ಟಾಕೀಜಿನಲ್ಲಿ ನಿಮ್ಮ ಪಾಲಿಗೆ ಡಬ್ಬಿಂಗ್ ಮಾಡಿದವರು ನಿಮ್ಮ ಅಣ್ಣ. ಅವರು ಸುಮ್ನಾದ ಆ ಮೂರು ನಿಮಿಷದ ಹೊತ್ತಿನಲ್ಲೇ ಸಿನಿಮಾ ನೇರವಾಗಿ ನಿಮ್ಮ ಜೊತೆ ಮಾತಾಡಿತು. ಇದನ್ನು ನಾನು ಬೇರೆ ಯಾವ ವಿಮರ್ಶೆಯಲ್ಲೂ ಓದಿಲ್ಲ. ನೀವು ಮಾತ್ರ ಬರೆಯಬಲ್ಲ ಸಂಗತಿ ಇದು. ಗಳಿಕೆಯ ಲೆಕ್ಕದ ಬದಲು ಇಂಥದ್ದು ಹಾಕಿ. ವಿವರವೇ ಬೇಕು ಅಂದರೆ ಇನ್ನೊಂದು ಹೇಳುತ್ತೇನೆ: ನಟರ ಮೈಮೇಲೆ ಎರಚಬೇಕಾದ ಕಡೆ ಮರಳಿನ ಬದಲು ಗೋವಿನಜೋಳದ ದಿಂಡು ಪುಡಿ ಮಾಡಿ ಬಳಸಿದ್ದರಂತೆ. ನಮ್ಮ ಕಡೆಯ ಓದುಗ ಡಾಲರ್ ಲೆಕ್ಕ ಮರೆತಾನು, ಇದನ್ನು ಮರೆಯಲಾರ.

‘ನಿರ್ದೇಶಕನಿಗೆ ಬುದ್ಧಿ ಇರಲಿಲ್ಲ’ ಅನ್ನುವ ಸಾಲು ದಯವಿಟ್ಟು ತೆಗೆಯಿರಿ. ಸ್ಯಾಮ್ ರೈಮಿ ಅವರೇ ಅಲ್ವಾ ಆ ಮರಳಿನ ದೃಶ್ಯ ಕೊಟ್ಟವರು? 2004ರ ಎರಡನೇ ಭಾಗದ ರೈಲಿನ ದೃಶ್ಯ ಅವರದೇ. ಮುಖವಾಡ ಹೋದ ಪೀಟರ್‌ನನ್ನು ಪ್ರಯಾಣಿಕರು ಕೈಯಿಂದ ಕೈಗೆ ಎತ್ತಿ ಒಳಗೆ ತಂದು ಮಲಗಿಸುತ್ತಾರಲ್ಲ, ನಾನು ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ. ವೆನಮ್ ಪಾತ್ರದ ಮೇಲೆ ರೈಮಿ ಅವರಿಗೆ ಅಂಥ ಪ್ರೀತಿ ಇರಲಿಲ್ಲ. ನಿರ್ಮಾಪಕರು ಒತ್ತಾಯ ಮಾಡಿದರು, ಪಾತ್ರ ಸೇರಿತು. ಸಿನಿಮಾ ಸರಿಯಾಗಿ ಬರಲಿಲ್ಲ ಅಂತ ಮುಂದೆ ಅವರೇ ಒಪ್ಪಿಕೊಂಡಿದ್ದಾರೆ. ಪ್ರೀತಿ ಇದ್ದ ಕಡೆ ಮರಳಿಗೂ ಜೀವ ಬಂತು. ಪ್ರೀತಿ ಇಲ್ಲದ ಕಡೆ ಹಲ್ಲು ಕಿರಿಯುವ ವೈರಿ ಕೊನೆಗೆ ಬಂದು ಹೋದ. ನಿಮ್ಮ ಲೇಖನದಲ್ಲೂ ಹಾಗೇ ಆಗಿದೆ. ಸಿನಿಮಾ ಪುಟದವರ ಒತ್ತಾಯಕ್ಕೆ ಬರೆದಂತೆ ಏಳು ಪುಟ, ಪ್ರೀತಿಯಿಂದ ಒಂದು ಪುಟ.

ಇನ್ನು ಜೋಡಣೆಯ ವಿಷಯ. ಇದನ್ನು ನಿಮ್ಮ ಊರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಮೈಯ ಒಂದೊಂದು ಎಳೆಗೂ ಸೆರಗಿನ ರೇಷ್ಮೆಯ ಒಂದೊಂದು ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಒಮ್ಮೆ ನಿಮ್ಮೂರಲ್ಲಿ ಒಬ್ಬ ತಾಯಿ ಕೂತು ಕೊಂಡಿ ಹಾಕುವುದನ್ನು ಅರ್ಧ ತಾಸು ನೋಡಿದ್ದೆ. ತಲೆ ಎತ್ತಲೇ ಇಲ್ಲ. ನಿಮ್ಮ ಲೇಖನದಲ್ಲಿ ಸಿನಿಮಾ ಒಂದು ಹಾಸು, ಅಣ್ಣ ಇನ್ನೊಂದು ಹಾಸು. ನಡುವೆ ಕೊಂಡಿ ಬಿದ್ದಿಲ್ಲ. ಎಳೆಗಳು ಮಾತ್ರ ಪಕ್ಕಪಕ್ಕದಲ್ಲೇ ಇವೆ. ಆ ಮಾರ್ಕೋ ಕಳ್ಳತನಕ್ಕೆ ಇಳಿದದ್ದು ಮಗಳ ಕಾಯಿಲೆಗೆ ದುಡ್ಡು ಬೇಕು ಅಂತ. ಪಕ್ಕದ ಸೀಟಿನಲ್ಲಿ ವಾರದ ಮಜೂರಿಯನ್ನು ತಮ್ಮನ ಸಿನಿಮಾಕ್ಕೆ ಖರ್ಚು ಮಾಡಿದ ಅಣ್ಣ. ಹೋಲಿಕೆ ಮಾಡಿ ವಿವರಿಸಲು ಹೋಗಬೇಡಿ, ಕೆಡುತ್ತದೆ. ಒಂದರ ಹಿಂದೆ ಒಂದು ಇಡಿ, ಸಾಕು.

ಆ ‘ಹೂಂ’ ಇಂದಲೇ ಲೇಖನ ಶುರು ಮಾಡಿ. ಹುಡುಗನಿಗೆ ಬೆನ್ ಕಾಕಾನ ವಿಷಯ ಹಿಡಿಸಿಲ್ಲ. ವೆನಮ್ ಹಿಡಿಸಿಲ್ಲ. ಮರಳಿನವನು ಮಾತ್ರ ಎದೆಯಲ್ಲಿ ಕೂತಿದ್ದಾನೆ. ಅಣ್ಣನ ಮುಖ ನೋಡಿ ‘ಭಾಳ ಚಲೋ ಇತ್ತು’ ಅನ್ನುತ್ತಾನೆ. ಅದು ಪೂರ್ತಿ ಸುಳ್ಳೂ ಅಲ್ಲ. ನೀವು ಈಗ ಆ ಸಿನಿಮಾಕ್ಕೆ ಎರಡು ಸ್ಟಾರ್ ಕೊಟ್ಟಿದ್ದೀರಿ. ಅವತ್ತು ಬಸ್ಸಿನಲ್ಲಿ ಕೊಟ್ಟ ಉತ್ತರವೇ ಹೆಚ್ಚು ಸರಿಯಾಗಿತ್ತು ಅಂತ ನನಗೆ ಅನಿಸುತ್ತದೆ. ಇಷ್ಟ, ಬೇಸರ ಎರಡೂ ಒಟ್ಟಿಗೆ ಇದ್ದರೆ ಹಾಗೇ ಇರಲಿ ಬಿಡಿ. ಕೊನೆಗೆ ಒಂದನ್ನು ಗೆಲ್ಲಿಸಲೇಬೇಕು ಅಂತಿಲ್ಲ. ಸ್ಟಾರ್ ಅಂತೂ ಬೇಡವೇ ಬೇಡ.

ಏಳುನೂರು ಪದ ಸಾಕು. ತಿಂಗಳ ಕೊನೆಯೊಳಗೆ ಕಳಿಸಿ, ಫೋನ್ ನಂಬರ್ ಬರೆಯಿರಿ, ಈ ಸಲ ಬರೆದಿಲ್ಲ. ಮತ್ತೆ ಬರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ಎಂಟೂ ಪುಟ ಹುಡುಕಿದೆ, ನಿಮ್ಮ ಅಣ್ಣನಿಗೆ ಆ ಸಿನಿಮಾ ಹೇಗನಿಸಿತ್ತು ಅಂತ ಎಲ್ಲೂ ಇಲ್ಲ. ಅವರನ್ನು ಕೇಳಿ.